ಒಳಬಳೆಗೆ ಬಿದ್ದ ಪೆಟ್ಟು

ಸೂರತ್ತಿಗೆ ನಾನು ಕೆಲಸದ ಮೇಲೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕು ಸಲವೂ ನನ್ನ ಜೇಬಿನಲ್ಲಿ ಒಂದು ವಿಳಾಸದ ಚೀಟಿ ಇತ್ತು. ಮಗ್ಗದ ಕಾರ್ಖಾನೆಯೊಂದರ ಹಿಂದಿನ ಗಲ್ಲಿ, ಎರಡನೆಯ ಮಹಡಿ. ಸ್ಟೇಷನ್ನಿನ ಎದುರು ಆಟೋ ಹತ್ತಿ ಒಂದು ಮಾತು ಹೇಳಿದ್ದರೆ ಕಾಲು ಗಂಟೆಯಲ್ಲಿ ಆ ಬಾಗಿಲ ಮುಂದೆ ಇಳಿಸುತ್ತಿದ್ದ. ಆ ಮನೆಯವರಿಗೆಂದೇ ವಡೋದರಾದಿಂದ ಪ್ರತಿ ಸಲ ಲೀಲೊ ಚೇವಡೊ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಆಲೂಗಡ್ಡೆ, ಕಡಲೆಬೇಳೆ ಹಾಕಿದ ಆ ಹಸಿ ಚೂಡಾ ಅಂದರೆ ಅಲ್ಲಿದ್ದ ಹಿರಿಯರಿಗೆ ಪ್ರಾಣ. ಪ್ರತಿ ಸಲ ವಾಪಸ್ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನಾನೇ ಅದನ್ನು ತಿಂದು ಮುಗಿಸುತ್ತಿದ್ದೆ. ನಾಚಿಕೆಗೆ ಹಸಿವು ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡು ಸಾವಿರದ ಇಸವಿ ಆಗತಾನೇ ದಾಟಿದ್ದ ದಿನಗಳು. ನಾನು ತುಮಕೂರಿನ ಕಡೆಯವನು. ವಡೋದರಾದ ಮಕರಪುರದಲ್ಲಿ ಒಂದು ಸಣ್ಣ ಬೇರಿಂಗ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದೆ. ಇಂಜಿನಿಯರ್ ಅಂದರೆ ಬೇರಿಂಗ್ ಮಾಡುವವನಲ್ಲ. ಕೆಟ್ಟು ವಾಪಸ್ ಬಂದ ಬೇರಿಂಗು ಯಾಕೆ ಕೆಟ್ಟಿತು, ಯಾರಿಂದ ಕೆಟ್ಟಿತು ಎಂದು ತೀರ್ಪು ಬರೆಯುವವನು. ಬೇರಿಂಗ್ ಅಂದರೆ ಒಂದರೊಳಗೊಂದು ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು, ಅಷ್ಟೆ. ಕಾರಿನ ಮುಂಚಕ್ರದಲ್ಲಿ ಹೊರಬಳೆಯು ತನ್ನ ಗೂಡಿನಲ್ಲಿ ಬಿಗಿಯಾಗಿ ಕೂರಬೇಕು. ಆದ್ದರಿಂದ ಕೂರಿಸುವಾಗ ಒತ್ತಡವೆಲ್ಲ ಹೊರಬಳೆಯ ಮೇಲೇ ಬೀಳಬೇಕು. ಒಳಬಳೆಯ ಮೇಲೆ ಸುತ್ತಿಗೆ ಹಾಕಿದರೆ ಪೆಟ್ಟು ಗುಂಡುಗಳ ಮೂಲಕ ದಾಟಿ ಹೋಗುತ್ತದೆ, ಒಂದೊಂದು ಗುಂಡೂ ತಾನಿದ್ದ ಜಾಗದಲ್ಲಿ ಒಂದೊಂದು ಕುಳಿ ಒತ್ತುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೇರಿಂಗನ್ನು ಬಿಚ್ಚಿ ನೋಡಿದರೆ ಅಳಗುಳಿಮಣೆಯ ಹಾಗೆ ಸಮಸಮ ದೂರದಲ್ಲಿ ಕುಳಿಗಳು. ಅದನ್ನು ಕಂಡ ಕೂಡಲೇ ನಾನು ಬರೆಯುತ್ತಿದ್ದೆ: ಜೋಡಿಸಿದವರ ತಪ್ಪು, ಕಂಪನಿ ಹೊಣೆಯಲ್ಲ.

ಹೀಗೆ ಎಷ್ಟು ಬರೆದೆನೋ ಲೆಕ್ಕವಿಟ್ಟಿಲ್ಲ. ತಿಂಗಳಿಗೊಮ್ಮೆ ಸುತ್ತಲಿನ ಮೆಕ್ಯಾನಿಕ್ಕುಗಳನ್ನು ಸೇರಿಸಿ, ಚಹಾ ಬಿಸ್ಕತ್ತು ಕೊಟ್ಟು, ಗೋಡೆಯ ಮೇಲೆ ಚಿತ್ರ ತೋರಿಸಿ ಪಾಠ ಬೇರೆ ಮಾಡುತ್ತಿದ್ದೆ. ಒಳಬಳೆಗೆ ಹೊಡೆಯುವವನು ಮೆಕ್ಯಾನಿಕ್ ಅಲ್ಲ, ಕಲ್ಲು ಒಡೆಯುವವನು ಎಂಬುದು ಆ ಪಾಠದಲ್ಲಿ ನನ್ನ ಮೆಚ್ಚಿನ ಮಾತು. ಎಲ್ಲರೂ ನಗುತ್ತಿದ್ದರು. ಈಗ ಅದನ್ನು ಬರೆಯಲೂ ಕೈ ಹಿಂಜರಿಯುತ್ತದೆ.

ನಾವಿದ್ದ ವಸತಿ ಸೊಸೈಟಿಯ ಕೆಳಮಹಡಿಯಲ್ಲಿ ಗದಗ ಕಡೆಯ ಒಬ್ಬ ಹಿರಿಯರಿದ್ದರು. ಮಕರಪುರದ ಮೋಟರ್ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಗುಜರಾತಿಗಳಿಗೂ ಕಾಕಾ, ನಮಗೂ ಕಾಕಾ. ಅವರ ಹೆಂಡತಿಯನ್ನು ಕಾಕು ಅನ್ನುತ್ತಿದ್ದೆವು. ಒಬ್ಬನೇ ಮಗ ಸೂರತ್ತಿನ ಬಟ್ಟೆ ಗಿರಣಿಯಲ್ಲಿದ್ದ, ಬಂದುಬಿಡಿ ಎಂದು ಕರೆಯುತ್ತಲೇ ಇದ್ದ. ಕಾಕಾ ಒಪ್ಪುತ್ತಿರಲಿಲ್ಲ. ಮುಖ್ಯ ರಸ್ತೆಯಲ್ಲಿ ಬಿಡಿಭಾಗಗಳ ಒಂದು ಅಂಗಡಿ ಇತ್ತು. ಅದರ ಮಾಲೀಕ ಬೇರಿಂಗು, ಬುಷ್ಷು ಕೂರಿಸುವ ನಾಜೂಕಿನ ಕೆಲಸವನ್ನೆಲ್ಲ ಕಾಕಾನಿಗೇ ಕಳಿಸುತ್ತಿದ್ದ. ಅಂಗಡಿಯ ಮುಂದಿನ ಬೆಂಚಿನಲ್ಲಿ ಗೋಡೆ ಕಡೆಯ ತುದಿ ಕಾಕಾನದೇ ಜಾಗ, ಅವರು ಬಂದರೆ ಕೂತವರು ಎದ್ದು ಬಿಡುತ್ತಿದ್ದರು.

"ಕೈ ನಡಿಯೂತನಕ ನಾ ಸೂರತ್ತಿಗೆ ಹೋಗಂಗಿಲ್ರಿ ಸಾಹೇಬ್ರ. ಮಗನ ಮನ್ಯಾಗ ಟಿವಿ ಮುಂದ ಕುಂದ್ರಾಕ ನಾ ಏನ್ ಮುದುಕ ಆಗೀನೇನು?" ಅನ್ನುತ್ತಿದ್ದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ನನ್ನನ್ನು ಸಾಹೇಬ್ರ ಅನ್ನುವುದು ನನಗೆ ಹಿತವಾಗಿತ್ತು. ಬೇಡ ಎಂದು ಒಂದು ಸಲವೂ ಹೇಳಲಿಲ್ಲ.

ಆ ವರ್ಷ ಒಂದು ಹಳೆಯ ಚಿಕ್ಕ ಕಾರು ಕೊಂಡಿದ್ದೆ. ದಸರೆಯ ಹೊತ್ತಿಗೆ ಅದು ಗುಂಯ್ ಅನ್ನಲು ಶುರು ಮಾಡಿತು. ಶನಿವಾರ ಸಂಜೆ ಕಾಕಾ ಮುಂಚಕ್ರವನ್ನು ಎತ್ತರಿಸಿ, ಕೈಯಲ್ಲಿ ತಿರುಗಿಸಿ, ಕಿವಿಗೊಟ್ಟು ಕೇಳಿದರು.

"ಎಡಗಡೆ ಬೇರಿಂಗ್ ಹೋಗೇತ್ರಿ," ಅಂದರು. ತಾವೇ ಅಂಗಡಿಗೆ ಹೋಗಿ ನಮ್ಮ ಕಂಪನಿಯದೇ ಹೊಸ ಬೇರಿಂಗು ತಂದುಕೊಟ್ಟರು. ನಮ್ಮ ಕಂಪನಿಯದು ಬಿಟ್ಟು ಬೇರೆಯದನ್ನು ನನ್ನ ಕಾರಿಗೆ ಹಾಕುವುದು ಅವರಿಗೆ ಸರಿಬರಲಿಲ್ಲ. "ಆದ್ರ ನಾಳೆ ಬ್ಯಾಡ್ರಿ. ನಾಳೆ ಖಂಡೇ ಪೂಜಿ. ಸಾಮಾನೆಲ್ಲಾ ದೇವರ ಮುಂದ ಇಟ್ಟ ಮ್ಯಾಲ, ನಾಡಿದ್ದ ಬನ್ನಿ ಮುಡಿಯೂತನಕ ಕೈ ಹಚ್ಚಂಗಿಲ್ಲ. ವರ್ಷಾನುಗಟ್ಲೆ ದುಡೀತಾವ, ಅವಕ್ಕೂ ಒಂದಿನ ಸೂಟಿ ಬ್ಯಾಡೇನು? ನಾಡಿದ್ದ ಮಧ್ಯಾಹ್ನ ಕುಂತು ಮಾಡೂಣು, ಅರ್ಧಾ ತಾಸಿನ ಕೆಲಸ."

ಸರಿ ಎಂದೆ. ನಮ್ಮ ಕಡೆ ಆಯುಧಪೂಜೆ ಅನ್ನುವುದನ್ನೇ ಅವರು ಖಂಡೇ ಪೂಜೆ ಅನ್ನುತ್ತಿದ್ದರು. ನಮ್ಮಲ್ಲೂ ಆ ದಿನ ಕತ್ತಿ ಕುಡುಗೋಲಿಗೆ ವಿರಾಮವೇ. ಗೊತ್ತಿಲ್ಲದ ವಿಷಯವೇನಲ್ಲ.

ಆದರೆ ಅದೇ ಸಂಜೆ ನನ್ನ ಹೆಂಡತಿಯ ತಮ್ಮನ ಫೋನು ಬಂತು. ಔಷಧಿ ಕಂಪನಿಯೊಂದರಲ್ಲಿ ಅವನಿಗೆ ಒಳ್ಳೆಯ ಹುದ್ದೆ. ಮೀಟಿಂಗಿಗೆಂದು ವಿಮಾನದಲ್ಲಿ ಅಹಮದಾಬಾದಿಗೆ ಬರುತ್ತಿದ್ದ, ವಿಜಯದಶಮಿಯ ಬೆಳಿಗ್ಗೆ ಒಂಬತ್ತಕ್ಕೆ ಇಳಿಯುತ್ತಿದ್ದ, ಒಂದು ದಿನ ನಮ್ಮ ಮನೆಯಲ್ಲಿರುತ್ತೇನೆ ಎಂದ. ಹಿಂದೊಮ್ಮೆ ನನ್ನ ಸ್ಕೂಟರಿನ ಹಿಂದೆ ಕೂತು "ಭಾವ, ಇದು ಸ್ಕೂಟರೋ ರಾಗಿ ಬೀಸೋ ಕಲ್ಲೋ?" ಎಂದು ಕೇಳಿದ್ದ ಆಸಾಮಿ. ನಾನು ತಕ್ಷಣ, "ನೀನೇನೂ ಯೋಚನೆ ಮಾಡ್ಬೇಡ, ಕಾರ್ ತಗೊಂಡು ಬರ್ತೀನಿ," ಎಂದುಬಿಟ್ಟೆ. ವಡೋದರಾದಿಂದ ಅಹಮದಾಬಾದಿಗೆ ದಿನವಿಡೀ ರೈಲುಗಳಿದ್ದವು. ಹೆಂಡತಿ ಅದನ್ನೇ ಹೇಳಿದಳು. ನನ್ನ ಕಿವಿಗೆ ಬೀಳಲಿಲ್ಲ.

ಮಾರನೆಯ ದಿನ ಭಾನುವಾರ, ಮಹಾನವಮಿ. ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಪೂಜೆ ಆಗಲೇ ಮುಗಿದಿತ್ತು. ದೇವರ ಮುಂದೆ ಕೆಂಪು ಬಟ್ಟೆ ಹಾಸಿ ಸ್ಪ್ಯಾನರು, ಅರ, ಸುತ್ತಿಗೆಗಳನ್ನು ಸಾಲಾಗಿ ಜೋಡಿಸಿದ್ದರು. ಒಂದೊಂದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಟ್ಟ ನಡುವೆ ಗೇಣುದ್ದದ ಒಂದು ದಪ್ಪ ಕಬ್ಬಿಣದ ಕೊಳವೆ. ಅದು ಅವರು ಲೇಥಿನ ಮೇಲೆ ತಾವೇ ಕಡೆದು ಮಾಡಿಕೊಂಡದ್ದು. ಅದರ ಬಾಯಿ ಸರಿಯಾಗಿ ಹೊರಬಳೆಯ ಮೇಲಷ್ಟೇ ಕೂರುವ ಅಳತೆಯದು. ಅದನ್ನಿಟ್ಟು ತಟ್ಟಿದರೆ ಬೇರಿಂಗಿಗೆ ನೋವಾಗುವ ಮಾತೇ ಇಲ್ಲ.

"ಕಾಕಾ, ಅದೊಂದನ್ನ ಮಾತ್ರ ಕೊಡೋಕಾಗಲ್ವಾ? ಒಂದೇ ಗಂಟೆ," ಎಂದೆ.

ಕಾಕಾ ಬೇಸರ ಮಾಡಿಕೊಳ್ಳಲಿಲ್ಲ. "ತಡೀರಿ ಸಾಹೇಬ್ರ. ಒಂದ್ ದಿನ ತಡೀರಿ," ಎಂದಷ್ಟೇ ಅಂದರು. ಕಾಕು ತಟ್ಟೆಯಲ್ಲಿ ಹೋಳಿಗೆ, ತುಪ್ಪ ತಂದಿಟ್ಟರು. ಅವರ ಹೋಳಿಗೆ ತಿಂದು, ಅವರ ಮೇಲೆಯೇ ಸಿಟ್ಟು ಮಾಡಿಕೊಂಡು ಎದ್ದು ಬಂದೆ. ಈ ಕಾಲದಲ್ಲೂ ಇಂಥ ಮಡಿವಂತಿಕೆಯೇ, ಬೇರಿಂಗಿನ ವಿಷಯ ನನಗೆ ಇವರಿಂದ ಕಲಿಯಬೇಕೆ ಎಂದೆಲ್ಲ ಮೆಟ್ಟಿಲು ಹತ್ತುತ್ತ ಗೊಣಗಿದೆ.

ಪಾರ್ಕಿಂಗಿನಲ್ಲಿ ಗೋಣಿಚೀಲ ಹಾಸಿ ಕೆಲಸಕ್ಕಿಳಿದೆ. ಚಕ್ರ ಬಿಚ್ಚಿ, ಬ್ರೇಕಿನ ಭಾಗಗಳನ್ನು ಕಳಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಬೇರಿಂಗ್ ಕೂತಿದ್ದ ಎರಕದ ಗೂಡನ್ನು ಹೊರತೆಗೆಯುವ ಹೊತ್ತಿಗೆ ಮಧ್ಯಾಹ್ನವಾಯಿತು. ನಡುವಿನ ನಟ್ಟು ತುಕ್ಕು ಹಿಡಿದು ನನ್ನ ಭುಜವನ್ನೇ ಕಳಚಿಸುವ ಹಾಗೆ ಸತಾಯಿಸಿತು. ಕಾಗದದ ಮೇಲೆ ಈ ಕೆಲಸವನ್ನು ಸಾವಿರ ಸಲ ಓದಿದ್ದೆ, ಕೈಯಾರೆ ಮಾಡಿದ್ದು ಅದೇ ಮೊದಲು. ಹಳೆಯ ಬೇರಿಂಗನ್ನು ಹೇಗೋ ಬಡಿದು ಬೀಳಿಸಿದೆ. ಅದು ಸಾಯುವ ಬೇರಿಂಗು, ಹೇಗೆ ಬಡಿದರೂ ನಡೆಯುತ್ತದೆ. ಗೂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಹೊಸದನ್ನು ಪೊಟ್ಟಣದಿಂದ ತೆಗೆದೆ. ಅದರ ಎಣ್ಣೆಯ ವಾಸನೆ ನಮ್ಮ ಕಾರ್ಖಾನೆಯದೇ, ನನಗೆ ಪರಿಚಿತ.

ಈಗ ಕೂರಿಸಬೇಕು. ಕೂರಿಸಲು ನನ್ನ ಬಳಿ ಇದ್ದದ್ದು ಟೆರೇಸಿನಲ್ಲಿ ಬಿದ್ದಿದ್ದ ನಲ್ಲಿ ಪೈಪಿನ ಒಂದು ತುಂಡು. ಇಟ್ಟು ನೋಡಿದೆ. ಅದು ಹೊರಬಳೆಯವರೆಗೆ ಮುಟ್ಟುತ್ತಿರಲಿಲ್ಲ, ಒಳಬಳೆಯ ಮೇಲಷ್ಟೇ ಕೂರುತ್ತಿತ್ತು. ನನಗೆ ಕಾಣಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ಕಾಣಿಸಿತು. ಒಂದು ನಿಮಿಷ ಪೈಪು ಹಿಡಿದುಕೊಂಡು ಹಾಗೇ ಕೂತಿದ್ದೆ. ಮೆಲ್ಲಗೆ ಹೊಡೆದರೆ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಮೇಜಿಗೆ ಬಂದ ಒಬ್ಬೊಬ್ಬ ಮೆಕ್ಯಾನಿಕ್ಕನೂ ಹೀಗೆಯೇ ಹೇಳಿಕೊಂಡಿರಬೇಕು. ಆತುರಗಾರನಿಗೆ ಬುದ್ಧಿ ಮಟ್ಟ.

ಮೆಲ್ಲಗೆ ಹೊಡೆದರೆ ಅದು ಕದಲಲಿಲ್ಲ. ಜೋರಾಗಿ ಹೊಡೆದೆ. ಕೊನೆಗೆ ಎದ್ದು ನಿಂತು ಎರಡು ಕೈಯಲ್ಲಿ ಹೊಡೆದೆ. ಟಣ್ ಟಣ್ ಎಂಬ ಸದ್ದು ಕೆಳಗಿನ ಮನೆಗೆ, ಕೆಂಪು ಬಟ್ಟೆಯ ಮೇಲೆ ಸಾಮಾನುಗಳು ಮಲಗಿದ್ದ ಮನೆಗೆ, ಖಂಡಿತ ಕೇಳಿಸಿರಬೇಕು. ಯಾರೂ ಹೊರಗೆ ಬರಲಿಲ್ಲ. ಬೇರಿಂಗು ತಳ ಮುಟ್ಟಿದಾಗ ಸದ್ದು ಬದಲಾಯಿತು. ಒಳಗೆ ಬೆರಳಿಟ್ಟು ತಿರುಗಿಸಿ ನೋಡಿದೆ. ಅಲ್ಲಲ್ಲಿ ತಡೆದು ತಡೆದು ತಿರುಗಿತು. ಹೊಸ ಗ್ರೀಸು, ಹಾಗೇ ಇರುತ್ತದೆ ಎಂದುಕೊಂಡೆ. ಸಂಜೆ ಹೆಂಡತಿ ಕಾರಿಗೆ ಪೂಜೆ ಮಾಡಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಅದನ್ನು ಪಚಕ್ಕನೆ ಹಿಸುಕಿ ಕಾರು ಮುಂದಕ್ಕೆ ಹೋಯಿತು, ಸದ್ದೇ ಇಲ್ಲ. ನಾನು ಗೆದ್ದೆ ಎಂದುಕೊಂಡೆ.

ದಶಮಿಯ ದಿನ ಭಾವಮೈದುನನನ್ನು ಕರೆತಂದೆ. ಅಹಮದಾಬಾದಿನಿಂದ ಬರುವಾಗ ಆಣಂದ್ ದಾಟಿದ ಮೇಲೆ ಅವನು ತಲೆ ವಾರೆ ಮಾಡಿ, "ಭಾವ, ಏನೋ ಸಣ್ಣಗೆ ಗುಂಯ್ ಅಂತಿದೆ?" ಎಂದ. ರಸ್ತೆಯ ಸದ್ದು ಎಂದೆ.

ಆ ಸಂಜೆ ಕಾಕಾ ನಮ್ಮ ಮನೆಗೆ ಬಂದರು. ಬನ್ನಿ ಕೊಡಲು ಚಿಕ್ಕವರು ದೊಡ್ಡವರ ಮನೆಗೆ ಹೋಗಬೇಕು, ನಾನೇ ಹೋಗಬೇಕಿತ್ತು. ಅವರೇ ಮೆಟ್ಟಿಲು ಹತ್ತಿ ಬಂದಿದ್ದರು. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದು ಕೈಯಲ್ಲಿ ಕುಂಕುಮ ಮೆತ್ತಿದ ಆ ಕಬ್ಬಿಣದ ಕೊಳವೆ. ಬನ್ನಿ ಕೊಟ್ಟು, "ಬಂಗಾರದಂಗ ಇರೂಣ್ರಿ," ಎಂದು ನಕ್ಕು, "ನಡೀರಿ, ಹಚ್ಚಿಬಿಡೂಣು," ಎಂದರು.

"ನಿನ್ನೇನೇ ಹಾಕ್ಬಿಟ್ಟೆ ಕಾಕಾ," ಎಂದೆ.

"ಹೌದ? ಯಾತರಲೆ ಕುಂದ್ರಿಸಿದ್ರಿ?"

"ಸರಿಯಾದ ಅಳತೆ ಪೈಪು ಸಿಕ್ತು."

"ಹೊರಗಿನ ಬಳೀ ಮ್ಯಾಲ ಅಲ್ರಿ?"

"ಏನ್ ಕಾಕಾ, ಅದನ್ನ ನನಗೇ ಕೇಳ್ತೀರಾ?" ಎಂದೆ. ಸೋಫಾದಲ್ಲಿದ್ದ ಭಾವಮೈದುನ ನಕ್ಕ. ಕಾಕಾನೂ ನಕ್ಕರು. ಕೊಳವೆಯನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಇಳಿದು ಹೋದರು.

ಎರಡು ವಾರ ಕಳೆಯಿತು. ದೀಪಾವಳಿಗೆ ಮುಂಚೆಯೇ ಗುಂಯ್ ಅನ್ನುವುದು ಮೊದಲಿಗಿಂತ ಜೋರಾಯಿತು. ಒಂದು ಭಾನುವಾರ ಕಾರು ತಂದು ನಿಲ್ಲಿಸಿದಾಗ ಪಾರ್ಕಿಂಗಿನಲ್ಲಿ ಸೊಸೈಟಿಯ ನಾಲ್ಕು ಜನ ನಿಂತಿದ್ದರು. ಬೇರಿಂಗ್ ಕಂಪನಿಯ ಸಾಹೇಬರ ಕಾರೇ ಹೀಗೆ ಕೂಗಿದರೆ ನಮ್ಮ ಗತಿಯೇನು ಎಂದು ಒಬ್ಬ ಹಿಂದಿಯಲ್ಲಿ ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ ನಾನು ಆ ನಾಲ್ಕು ಜನರ ಮುಂದೆ ಹೇಳಿದೆ: "ಬೇರಿಂಗೇ ಡೂಪ್ಲಿಕೇಟ್ ಇರಬೇಕು. ನಮ್ಮ ಕಂಪನಿಯ ಡಬ್ಬಿ, ಒಳಗೆ ಬೇರೆ ಮಾಲು. ಅಂಗಡಿಯವರು ಕಾಕಾನಿಗೆ ಟೋಪಿ ಹಾಕಿದ್ದಾರೆ."

ಕಾಕಾ ಅಲ್ಲೇ ನೀರಿನ ಮೋಟರಿನ ಬಳಿ ಕೂತು ಏನೋ ಬಿಗಿಯುತ್ತಿದ್ದರು. ಎದ್ದು ಬಂದರು. "ಡೂಪ್ಲಿಕೇಟ? ಆ ಅಂಗಡ್ಯಾಗ?" ಎಂದು ಕೇಳಿದರು. ಮೊದಲು ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅವಮಾನ. ಸಾಹೇಬರ ಕೈಗೆ ಕೆಟ್ಟ ಮಾಲು ತಂದುಕೊಟ್ಟೆನಲ್ಲಾ ಎಂಬ ಅವಮಾನ.

ಆ ವಾರ ಅವರೇ ಹಟ ಹಿಡಿದು ನನ್ನ ಕಾರಿನ ಚಕ್ರ ಬಿಚ್ಚಿದರು, ಆ ಬೇರಿಂಗ್ ತೆಗೆದು ಇನ್ನೊಂದನ್ನು ತಮ್ಮ ಕೊಳವೆ ಇಟ್ಟು ಕೂರಿಸಿದರು. ಅವತ್ತಿನಿಂದ ಆ ಕಾರನ್ನು ಮಾರುವವರೆಗೆ ಆ ಚಕ್ರ ಸದ್ದು ಮಾಡಲಿಲ್ಲ. ಕೆಟ್ಟ ಬೇರಿಂಗನ್ನು ಅವರು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದರು. ಎಷ್ಟೋ ವರ್ಷದ ಸ್ನೇಹದ ಅಂಗಡಿಯಲ್ಲಿ ಏರಿದ ದನಿಯಲ್ಲಿ ಜಗಳ ಮಾಡಿದರಂತೆ. ಮಾಲೀಕನೂ ಬಿಡಲಿಲ್ಲ. ನನ್ನದು ಅಸಲಿ ಮಾಲು, ಬೇಕಾದರೆ ಕಂಪನಿಗೇ ಕಳಿಸೋಣ, ಅವರೇ ಹೇಳಲಿ ಎಂದನಂತೆ.

ಸಂಜೆ ಕಾಕಾ ನನ್ನ ಬಳಿ ಬಂದು ಎಲ್ಲ ಹೇಳಿದರು. "ಫಾರ್ಮಿನ್ಯಾಗ ಕುಂದ್ರಿಸಿದಂವ ಯಾರು ಅಂತ ಕೇಳ್ತಾರ. ಗಿರಾಕಿನ ಕುಂದ್ರಿಸ್ಯಾನ ಅಂತ ಬರದ್ರ ಕಂಪನಿಯವರು ತಗೊಳ್ಳಂಗಿಲ್ಲಂತ. ಅದಕ ನನ್ನ ಹೆಸರ ಬರಸೀನ್ರಿ. ನನ್ನ ಕೈ ಮ್ಯಾಲ ಅಂಗಡಿಯಂವಗ ನಂಬಿಕಿ ಐತಿ, ನಿಮ್ಮ ಮಾತಿನ ಮ್ಯಾಲ ನನಗ ನಂಬಿಕಿ ಐತಿ. ನಿಮ್ಮ ಕಡೀನೇ ಬರ್ತೈತಿ. ಇದ್ದದ್ದ ಇದ್ದಂಗ ಬರೀರಿ, ಅಷ್ಟ ಸಾಕು."

ಹೇಳುವುದಾದರೆ ಆ ಹೊತ್ತಿಗೇ ಹೇಳಬಹುದಿತ್ತು. ಕಾಕಾ, ಅದು ಡೂಪ್ಲಿಕೇಟ್ ಅಲ್ಲ, ನಾನೇ ಒಳಬಳೆಗೆ ಹೊಡೆದೆ ಎಂದಿದ್ದರೆ ಅವರು ತೊಡೆ ತಟ್ಟಿ ನಗುತ್ತಿದ್ದರು. "ತಡೀರಿ ಅಂದಿದ್ನಿಲ್ಲೋ?" ಎಂದು ಬೈದು, ಅಂಗಡಿಗೆ ಹೋಗಿ ರಾಜಿ ಮಾಡಿಕೊಂಡು ಬರುತ್ತಿದ್ದರು. ನಾನು "ನೋಡ್ತೀನಿ ಕಾಕಾ" ಎಂದೆ.

ಹತ್ತು ದಿನಕ್ಕೆ ಅದು ನನ್ನ ಮೇಜಿಗೆ ಬಂತು. ಫಾರ್ಮಿನಲ್ಲಿ ಜೋಡಿಸಿದವರ ಜಾಗದಲ್ಲಿ ಗುಜರಾತಿ ಅಕ್ಷರದಲ್ಲಿ ಒಂದು ಹೆಸರಿತ್ತು. ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿ ಉದ್ದನೆಯದು. ಎರಡು ವರ್ಷದಿಂದ ಕಾಕಾ ಕಾಕಾ ಎನ್ನುತ್ತಿದ್ದವನು ಅವರ ಪೂರ್ತಿ ಹೆಸರನ್ನು ಓದಿದ್ದು ಅವತ್ತೇ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಆಮೇಲೆ ಬೇರಿಂಗನ್ನು ಕತ್ತರಿಸಿ ಬಿಚ್ಚಿಸಿದೆ. ಕುಳಿಗಳು ಇದ್ದವು. ಅಷ್ಟು ಸ್ಪಷ್ಟವಾದ ಕುಳಿಗಳನ್ನು ನಾನು ಬೇರೆಯವರ ಬೇರಿಂಗಿನಲ್ಲೂ ಕಂಡಿರಲಿಲ್ಲ, ನನ್ನ ಭುಜದ ಬಲವೆಲ್ಲ ಅಲ್ಲಿತ್ತು.

ನನ್ನ ಮೇಲಧಿಕಾರಿ ಹಾದು ಹೋಗುತ್ತ ಭೂತಗನ್ನಡಿಯಲ್ಲಿ ಇಣುಕಿ ನೋಡಿದರು. ಮಾಲು ಅಸಲಿ, ಸುತ್ತಿಗೆ ಪೆಟ್ಟು, ಇದರಲ್ಲಿ ಯೋಚಿಸುವುದೇನಿದೆ, ಬರೆದು ಕಳಿಸು ಎಂದರು. ಸರ್, ಇದು ನನ್ನ ಕಾರಿನದು, ಪೆಟ್ಟು ನನ್ನದು ಎಂದು ಆಗಲೂ ಹೇಳಬಹುದಿತ್ತು. ಕೆಲಸವೇನೂ ಹೋಗುತ್ತಿರಲಿಲ್ಲ. ಒಂದು ವಾರ ಕ್ಯಾಂಟೀನಿನಲ್ಲಿ ನಗುತ್ತಿದ್ದರು, ಅಷ್ಟೆ. ಆ ಒಂದು ವಾರದ ನಗೆಗೆ ಹೆದರಿ ನಾನು ಬರೆದೆ: ಬೇರಿಂಗು ಅಸಲಿ. ಒಳಬಳೆಗೆ ಸುತ್ತಿಗೆಯ ಪೆಟ್ಟು ಬಿದ್ದಿದೆ. ಜೋಡಿಸಿದವರ ತಪ್ಪು. ಕೆಳಗೆ ನನ್ನ ಸಹಿ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದರ ಮೇಲೆ ಬರೆದಿದ್ದ ಹೆಸರು ಮಾತ್ರ ನನ್ನದಾಗಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನಲ್ಲಿ ಬಿತ್ತಂತೆ ಎಂದು ಗಾದೆ. ಈ ಹಲ್ಲಿ ತಾನು ಬೀಳಲಿಲ್ಲ, ಪಕ್ಕದಲ್ಲಿದ್ದವರನ್ನು ತಳ್ಳಿತು.

ಒಂದು ಸಂಜೆ ಕಾಕಾ ಆ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. "ಅಂಗಡಿಯಂವ ಓದಿ ಹೇಳ್ಯಾನ್ರಿ. ಮಂದಿ ಮುಂದನ ಓದಿದ. ಆದ್ರೂ ನೀವೊಮ್ಮೆ ಓದ್ರಿ," ಎಂದರು.

ಓದಿದೆ. ಕನ್ನಡದಲ್ಲಿ, ಒಂದೊಂದೇ ಸಾಲು. ನನ್ನ ದನಿ ಬಸ್ಸಿನ ವೇಳೆ ಹೇಳುವವನ ದನಿಯ ಹಾಗಿತ್ತು.

"ನೀವಾ ಬರದದ್ದೇನ್ರಿ ಇದು?"

"ಇಲ್ಲ ಕಾಕಾ. ಮೇಲಿನವರು." ಹೆಬ್ಬೆರಳು ನನ್ನ ಸಹಿಯ ಮೇಲೆಯೇ ಇತ್ತು.

"ನೀವು ಪೈಪ ಹೊರಗಿನ ಬಳೀ ಮ್ಯಾಲ ಇಟ್ಟಿದ್ರಿ ಅಲ್ರಿ?"

"ಹೂಂ ಕಾಕಾ."

ಅವರು ಸ್ವಲ್ಪ ಹೊತ್ತು ಕಾಗದವನ್ನಲ್ಲ, ನನ್ನ ಕೈಯನ್ನು ನೋಡಿದರು. "ಹಂಗಾದ್ರ ಇದನ್ನ ಬರದಂವಗ ಕೆಲಸ ಗೊತ್ತಿಲ್ಲ ಬಿಡ್ರಿ," ಎಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಇಳಿದು ಹೋದರು. ಅವರಿಗೆ ಅವತ್ತೇ ತಿಳಿದಿತ್ತೋ, ಆಮೇಲೆ ತಿಳಿಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೂವತ್ತು ವರ್ಷ ಕಬ್ಬಿಣದ ಸದ್ದು ಕೇಳಿದ ಕಿವಿ, ಮಹಾನವಮಿಯ ದಿನ ಕೆಳಗಿನ ಮನೆಯಲ್ಲೇ ಇತ್ತು.

ಅಂಗಡಿಯವನು ಕೆಟ್ಟವನೇನಲ್ಲ. ಬೆಂಚಿನಲ್ಲಿ ಕೂತಿದ್ದವರ ಎದುರೇ "ಕಾಕಾ, ಹವೆ ಆರಾಮ್ ಕರೋ" ಎಂದನಂತೆ, ಪ್ರೀತಿಯಿಂದಲೇ. ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು. ಆಮೇಲೆ ಕೆಲಸ ಕಳಿಸುವುದು ಕಡಿಮೆಯಾಯಿತು, ಬೇಸಿಗೆಯ ಹೊತ್ತಿಗೆ ನಿಂತೇ ಹೋಯಿತು. ಕಾಕಾ ಕೆಲವು ದಿನ ಸುಮ್ಮನೆ ಹೋಗಿ ಬೆಂಚಿನಲ್ಲಿ ಕೂತು ಬರುತ್ತಿದ್ದರು. ಆಮೇಲೆ ಅದೂ ಇಲ್ಲ. ನಾನು ಆಫೀಸಿಗೆ ಹೋಗುವಾಗ ಆ ರಸ್ತೆ ಬಿಟ್ಟು ಸುತ್ತಿ ಬಳಸಿ ಹೋಗತೊಡಗಿದೆ. ಮೆಕ್ಯಾನಿಕ್ಕುಗಳ ಪಾಠದಲ್ಲಿ ಕಲ್ಲು ಒಡೆಯುವವನ ಮಾತು ಬಂದಾಗ ಮುಂದಿನ ಚಿತ್ರಕ್ಕೆ ಹಾರುತ್ತಿದ್ದೆ. ಇಷ್ಟೆಲ್ಲ ಮಾಡಿದೆ. ಮೆಟ್ಟಿಲಿಳಿದು ಕಾಕಾನ ಬಾಗಿಲು ತಟ್ಟುವುದೊಂದನ್ನು ಮಾಡಲಿಲ್ಲ. ನಮ್ಮ ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ. ಅವಳು, "ಪಾಪ, ಕಾಕಾನ ಕೈಗೇನಾಯ್ತೋ," ಎಂದು ಮರುಗುವಾಗ ನಾನು ಪೇಪರಿನ ಹಿಂದೆ ಕೂತು ಹೂಂ ಎನ್ನುತ್ತಿದ್ದೆ.

ಮುಂದಿನ ದಸರೆ ಬಂತು. ಮಹಾನವಮಿಯ ಬೆಳಿಗ್ಗೆ ಹೆಂಡತಿ ಕಾರು ತೊಳೆಸುತ್ತಿದ್ದಾಗ ಕಾಕಾ ಬಂದರು. ಕೈಯಲ್ಲಿ ಆ ಕೊಳವೆ. ಚೆನ್ನಾಗಿ ತಿಕ್ಕಿ, ಎಣ್ಣೆ ಹಚ್ಚಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದರು.

"ದೀಪಾವಳಿಗೆ ಮಗನ ಕಡೆ ಹೊಂಟೀವ್ರಿ. ಸೂರತ್ತಿಗೆ. ಇನ್ನ ಇಲ್ಲಿ ಏನೈತಿ?" ಎಂದರು. "ಬಾಕಿ ಸಾಮಾನೆಲ್ಲ ಕೊಟ್ಟಬಿಟ್ನಿ. ಇದನ್ನೊಂದ ನಿಮಗ ಅಂತ ಇಟ್ಟಿದ್ನಿ. ಇವತ್ತ ನಿಮ್ಮ ಮನ್ಯಾಗ ಪೂಜಿಗೆ ಇಡ್ರಿ."

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಭಾರವಾಗಿತ್ತು.

"ನಾಳೆ ಬನ್ನಿ ಮುಡಿದ ಮ್ಯಾಲ ತಗೀರಿ," ಎಂದರು. ನನ್ನ ಮುಖ ನೋಡಿ, ಸ್ವಲ್ಪವೂ ದನಿ ಏರಿಸದೆ ಇನ್ನೊಂದು ಮಾತು ಸೇರಿಸಿದರು. "ಅಲ್ಲೀತನಕ ತಡೀರಿ."

ನನ್ನ ಹೆಂಡತಿಗೆ ಅದರಲ್ಲಿ ಏನೂ ಕೇಳಿಸಲಿಲ್ಲ. ನನಗೆ ಎಲ್ಲ ಕೇಳಿಸಿತು. ಕೊಳವೆಯನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟೆ. ಆ ದಿನವಿಡೀ ಆ ಕೋಣೆಗೆ ಕಾಲಿಡಲು ಹೆದರಿದೆ.

ದಶಮಿಯ ಬೆಳಿಗ್ಗೆ ಬೀದಿಯಲ್ಲಿ ಫಾಫ್ಡಾ ಜಲೇಬಿಯ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದ್ದರು. ವಡೋದರಾದಲ್ಲಿ ಮರಾಠಿ ಜನ ಬಹಳ, ದಸರೆಯ ಎಲೆಗೆ ಬರವಿಲ್ಲ. ಬನ್ನಿ ಎಲ್ಲಿ ಸಿಗುತ್ತದೆ ಎಂದು ಅವರನ್ನೇ ಕೇಳಿ ತಂದೆ. ಸ್ನಾನ ಮಾಡಿ, ಪೂ‍ಜೆ ಮುಗಿಸಿ, ಕೊಳವೆಗೆ ಕೈ ಮುಗಿದು ಎತ್ತಿ ಪಕ್ಕಕ್ಕಿಟ್ಟು, ಎಲೆ ಹಿಡಿದು ಕೆಳಗಿಳಿದೆ. ಆ ಹದಿನೆಂಟು ಮೆಟ್ಟಿಲುಗಳಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಇಳಿದೆ. ಕಾಕಾ, ಆ ಬೇರಿಂಗಿಗೆ ಹೊಡೆದವನು ನಾನು, ಆ ಕಾಗದ ಬರೆದವನೂ ನಾನು.

ಮನೆಯಲ್ಲಿ ಗಂಟು ಮೂಟೆ ಕಟ್ಟಿದ್ದರು. ಕಾಕು ಚಹಾ ಇಟ್ಟರು. ನಾನು ಕಾಕಾನ ಕೈಗೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದೆ. "ಬಂಗಾರದ ಹಾಗೆ ಇರೋಣ ಕಾಕಾ," ಎಂದೆ. ಅದರ ಮುಂದಿನ ಮಾತು ಬಾಯಿಗೆ ಬರಲಿಲ್ಲ. ಕಾಕಾ ಕಾದರು. ಚಹಾ ತಣ್ಣಗಾಗುವವರೆಗೆ ಕಾದರು ಎಂದೇ ನನಗೆ ಅನಿಸುತ್ತದೆ. ಕೊನೆಗೆ ಅವರೇ ಕೇಳಿದರು.

"ತಗದ್ರೇನು, ಅದನ್ನ?"

"ತೆಗೆದೆ ಕಾಕಾ."

"ಪೂಜಿ ಮುಗದ ಮ್ಯಾಲ?"

"ಮುಗಿದ ಮೇಲೆ."

"ಛಲೋ ಆತು," ಎಂದರು.

ಒಂದು ವರ್ಷದಲ್ಲಿ ನಾನು ಅವರಿಗೆ ಹೇಳಿದ ನಿಜ ಅದೊಂದೇ.